ಆತಿಥ್ಯವೆಂಬ ಮಾನದಂಡ: ‘ಒಡಿಸ್ಸಿ’ಯಲ್ಲಿ ನಾಗರಿಕ – ಅನಾಗರಿಕ ಪರಿಕಲ್ಪನೆ

ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಎರಡು ಗ್ರೀಕ್ ಮಹಾಕಾವ್ಯಗಳಲ್ಲಿ ‘ಇಲಿಯಡ್’ ಯುದ್ಧದ ಕಾವ್ಯವಾದರೆ ‘ಒಡಿಸ್ಸಿ’ ಮನೆಗೆ ಮರಳುವ ಕಾವ್ಯ. ಮನೆ ತಲುಪದವನು ಪರರ ಬಾಗಿಲಲ್ಲಿ ನಿಲ್ಲಲೇಬೇಕು. ಹೀಗಾಗಿ ಇಲ್ಲಿ ಆತಿಥ್ಯವು ಕೇವಲ ಆಚಾರದ ವರ್ಣನೆಯಾಗಿರದೆ ನಾಗರಿಕತೆಯನ್ನು ಅಳೆಯುವ ಮಾನದಂಡವಾಗಿದೆ. ಈ ಮಾನದಂಡವನ್ನು ಕಾವ್ಯವು ಯಾರು ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ರೀಕಿನ ‘ಕ್ಸೆನೋಸ್’ ಎಂಬ ಒಂದೇ ಪದಕ್ಕೆ ಅಪರಿಚಿತ, ಅತಿಥಿ, ಆತಿಥೇಯ ಎಂಬ ಮೂರೂ ಅರ್ಥಗಳಿವೆ. ಇಂದು ನೀಡುವವನು ನಾಳೆ ಬೇಡುವವನಾಗಬಹುದೆಂಬ ಪರಸ್ಪರತೆಯನ್ನು ಆ ಪದದಲ್ಲಿಯೇ ಕಾಣಬಹುದು. ಈ ಸಂಬಂಧಕ್ಕೆ ಜ್ಯೂಸ್ ದೇವನೇ ರಕ್ಷಕ. ಬಂದವನಿಗೆ ಮೊದಲು ಊಟ, ಅನಂತರ ಹೆಸರು–ಊರುಗಳ ವಿಚಾರಣೆ, ಹೊರಡುವಾಗ ಉಡುಗೊರೆ ಎಂಬುದು ವಿಧಿ. ಮೂರನೆಯ ಸರ್ಗದಲ್ಲಿ ಪೈಲೋಸಿನ ನೆಸ್ಟರ್ ಟೆಲಿಮಾಕಸನ ಹೆಸರು ಕೇಳುವುದು ಊಟವಾದ ಮೇಲೆಯೇ.

ಒಂಬತ್ತನೆಯ ಸರ್ಗದ ಸೈಕ್ಲೋಪ್ಸ್ ಪ್ರಸಂಗದಲ್ಲಿ ಈ ವಿಧಿ ತಲೆಕೆಳಗಾಗುತ್ತದೆ. ಸೈಕ್ಲೋಪರಿಗೆ ಸಭೆಯಿಲ್ಲ, ಕಟ್ಟಳೆಯಿಲ್ಲ. ಅವರು ಉಳುವುದಿಲ್ಲ, ಹಡಗು ಕಟ್ಟುವುದಿಲ್ಲ. ಪಾಲಿಫೀಮಸ್ ಮೊದಲು ಹೆಸರು ಕೇಳುತ್ತಾನೆ. ಉಣಬಡಿಸುವ ಬದಲು ಬಂದವರಲ್ಲಿ ಆರು ಮಂದಿಯನ್ನು ತಾನೇ ತಿನ್ನುತ್ತಾನೆ. ಒಡಿಸ್ಯೂಸನನ್ನು ಕೊನೆಯಲ್ಲಿ ತಿನ್ನುವುದೇ ತನ್ನ ಉಡುಗೊರೆ ಎನ್ನುತ್ತಾನೆ. ಆದರೆ ಅದೇ ಗುಹೆಯಲ್ಲಿ ಮರಿಗಳನ್ನು ವಯಸ್ಸಿಗನುಗುಣವಾಗಿ ಬೇರೆ ಬೇರೆ ಕೂಡಿಹಾಕಲಾಗಿದೆ. ಹಾಲಿನ ಪಾತ್ರೆಗಳೂ ಚೀಸಿನ ಬುಟ್ಟಿಗಳೂ ತುಂಬಿವೆ. ಅವನಲ್ಲಿ ಕಸುಬಿನ ಕೌಶಲ್ಯವಿದೆ. ಇಲ್ಲದಿರುವುದು ಅನ್ಯರ ಬಗೆಗಿನ ಹೊಣೆ.

ಈ ವೃತ್ತಾಂತದ ನಿರೂಪಕ ಒಡಿಸ್ಯೂಸನೇ ಎಂಬುದು ಗಮನಾರ್ಹ. ಫಿಯೇಶಿಯನ್ನರ ಆಸ್ಥಾನದಲ್ಲಿ ತಾನೇ ಅತಿಥಿಯಾಗಿ ಕುಳಿತು, ಊರಿಗೆ ತಲುಪಿಸುವ ಹಡಗನ್ನು ನಿರೀಕ್ಷಿಸುತ್ತ ಆತ ಇದನ್ನು ಹೇಳುತ್ತಿದ್ದಾನೆ. ಟ್ರಾಯ್‌ನಿಂದ ಹೊರಟೊಡನೆ ಸಿಕೋನರ ಇಸ್ಮಾರಸ್ ಪಟ್ಟಣವನ್ನು ಕೊಳ್ಳೆ ಹೊಡೆದದ್ದನ್ನೂ, ಒಡೆಯನಿಲ್ಲದ ಗುಹೆಯನ್ನು ಹೊಕ್ಕು ಚೀಸ್ ತಿಂದದ್ದನ್ನೂ ಅವನೇ ನಿಸ್ಸಂಕೋಚವಾಗಿ ತಿಳಿಸುತ್ತಾನೆ. ಎದುರಿನ ನಿರ್ಜನ ದ್ವೀಪದ ಬಂದರು, ಫಲವತ್ತಾದ ನೆಲಗಳ ವರ್ಣನೆಯಲ್ಲಿ ನೆಲೆ ಹುಡುಕುವವನ ಕಣ್ಣಿದೆ. ಕ್ರಿ.ಪೂ. 8ನೆಯ ಶತಮಾನದ ಗ್ರೀಕ್ ವಲಸೆಗಳ ಅನುಭವವನ್ನು ವಿದ್ವಾಂಸರು ಇಲ್ಲಿ ಗುರುತಿಸಿದ್ದಾರೆ. ಹೀಗಾಗಿ ‘ಅನಾಗರಿಕ’ ಎಂಬ ಹಣೆಪಟ್ಟಿಯನ್ನು ಹಚ್ಚುವವನ ನೆಲೆಯನ್ನೂ ಪ್ರಶ್ನಿಸಬೇಕಾಗುತ್ತದೆ.

ಕಾವ್ಯವೇ ಈ ಪ್ರಶ್ನೆಯನ್ನು ಇಥಾಕಾಕ್ಕೆ ಒಯ್ಯುತ್ತದೆ. ಅಲ್ಲಿಯೂ ಒಡಿಸ್ಯೂಸ್ ಹೊರಟ ಮೇಲೆ ಸುಮಾರು 20 ವರ್ಷ ಸಭೆ ಸೇರಿಲ್ಲ. 108 ವಿವಾಹಾಕಾಂಕ್ಷಿಗಳು ಕುಲೀನರು. ಆದರೆ ಆತಿಥೇಯನ ಸಂಪತ್ತನ್ನೇ ತಿಂದು ಮುಗಿಸುತ್ತಿದ್ದಾರೆ. ಇಪ್ಪತ್ತನೆಯ ಸರ್ಗದಲ್ಲಿ ಕ್ಟೆಸಿಪ್ಪಸ್ ‘ಅತಿಥಿಗೆ ಉಡುಗೊರೆ’ ಎಂದು ಅಣಕಿಸಿ, ಭಿಕ್ಷುಕನ ವೇಷದ ಒಡಿಸ್ಯೂಸನತ್ತ ಎತ್ತಿನ ಗೊರಸನ್ನು ಎಸೆಯುತ್ತಾನೆ. ಗುಹೆಯಲ್ಲಿ ಕೇಳಿದ ಅಣಕ ಅರಮನೆಯಲ್ಲಿ ಮರುಕಳಿಸುತ್ತದೆ. ಇದಕ್ಕೆ ಪ್ರತಿಯಾಗಿ, ಗುಲಾಮನಾದ ಹಂದಿಪಾಲಕ ಯೂಮಿಯಸ್ ಅದೇ ಭಿಕ್ಷುಕನಿಗೆ ಮೊದಲು ಉಣಲಿಕ್ಕಿ, ಅನಂತರ ಹೆಸರು ಕೇಳಿ, ರಾತ್ರಿಗೆ ಹೊದಿಕೆ ಕೊಡುತ್ತಾನೆ.

ಆದ್ದರಿಂದ ನಾಗರಿಕ–ಅನಾಗರಿಕರ ನಡುವಿನ ಗೆರೆ ಪಟ್ಟಣಕ್ಕೂ ಕಾಡಿಗೂ ನಡುವೆ ಹಾದುಹೋಗುವುದಿಲ್ಲ. ಒಂದೇ ಮನೆಯೊಳಗೂ ಹಾಯುತ್ತದೆ. ಆದರೂ ಕಾವ್ಯವು ಆತಿಥ್ಯವನ್ನು ಸುಲಭದ ಸದ್ಗುಣವಾಗಿ ಚಿತ್ರಿಸುವುದಿಲ್ಲ. ಒಡಿಸ್ಯೂಸನನ್ನು ಊರಿಗೆ ತಲುಪಿಸಿದ ಫಿಯೇಶಿಯನ್ನರ ಹಡಗನ್ನು ಪೊಸೈಡನ್ ಕಲ್ಲಾಗಿಸುತ್ತಾನೆ. ಇನ್ನು ಮುಂದೆ ಅಪರಿಚಿತರನ್ನು ಹಡಗಿನಲ್ಲಿ ಕಳುಹಿಸಿಕೊಡುವುದು ಬೇಡವೆಂದು ದೊರೆ ಅಲ್ಸಿನೋಅಸ್ ನಿರ್ಧರಿಸುತ್ತಾನೆ. ಅತ್ಯಂತ ಉದಾರವಾದ ಬಾಗಿಲು ಮುಚ್ಚಿಕೊಳ್ಳುವುದು ಆತಿಥ್ಯಕ್ಕೆ ತೆತ್ತ ಬೆಲೆಯಿಂದಲೇ.