ಚಾಪೆಯ ಕೆಳಗೆ ನಾಯಕ

ಮನೆಯ ಮಗ ತಪ್ಪು ಮಾಡಿದರೆ ಹಿರಿಯರು ತಲೆ ತಗ್ಗಿಸಬೇಕಾಗುತ್ತದೆ ಎಂದು ನಾವು ಆಗಾಗ ಹೇಳುತ್ತೇವೆ. ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಸಮೋವಾದಲ್ಲಿ ಇದು ಬರಿಯ ಮಾತಲ್ಲ.

ಅಲ್ಲಿ ಪ್ರತಿ ದೊಡ್ಡ ಕುಟುಂಬಕ್ಕೂ 'ಮತಾಯಿ' ಎಂಬ ಮುಖ್ಯಸ್ಥರಿರುತ್ತಾರೆ. ಕುಟುಂಬದ ಜಮೀನು, ಜಗಳ, ಮಾನ ಎಲ್ಲವೂ ಅವರ ಹೊಣೆ. ಈ ಪಟ್ಟ ತಂದೆಯಿಂದ ಮಗನಿಗೆ ತಾನಾಗಿ ಬರುವುದಿಲ್ಲ. ಬಂಧುಗಳೆಲ್ಲ ಕೂಡಿ ಕುಳಿತು ಆರಿಸುತ್ತಾರೆ. ಹಿರಿಯರಿಗೆ ಅಡುಗೆ ಮಾಡಿ ಬಡಿಸಿ, ತೋಟದಲ್ಲಿ ದುಡಿದು, ಮೀನು ಹಿಡಿದು ತಂದವನನ್ನು ಅವರು ಮರೆಯುವುದಿಲ್ಲ. ಅಧಿಕಾರಕ್ಕೆ ದಾರಿ ಸೇವೆಯೇ ಎಂಬುದು ಅಲ್ಲಿನ ಗಾದೆ.

ಈ ಪದ್ಧತಿಯಲ್ಲಿ ಎಲ್ಲವೂ ಚೆನ್ನ ಎಂದು ನಾವು ಹೇಳುತ್ತಿಲ್ಲ. ಮತಾಯಿಗಳ ಗ್ರಾಮಸಭೆಯಾದ 'ಫೋನೊ' ಇಡೀ ಕುಟುಂಬಗಳನ್ನೇ ಊರಿನಿಂದ ಹೊರಹಾಕಿದ್ದುಂಟು. 1990ರ ಜನಮತಗಣನೆಯವರೆಗೆ ಸಂಸತ್ತಿನ ಬಹುಪಾಲು ಸ್ಥಾನಗಳಿಗೆ ಮತ ಹಾಕುವ ಹಕ್ಕು ಮತಾಯಿಗಳಿಗೆ ಮಾತ್ರ ಇತ್ತು. ಹೆಣ್ಣುಮಕ್ಕಳಿಗೂ ಪಟ್ಟ ಸಿಗುತ್ತದಾದರೂ ಗಂಡಸರದ್ದೇ ಮೇಲುಗೈ.

ಆದರೂ ಅವರ ಒಂದು ಆಚಾರ ನಮ್ಮ ಮನಸ್ಸನ್ನು ಕಲಕುತ್ತದೆ. ಅದರ ಹೆಸರು 'ಇಫೋಂಗ'. ಕುಟುಂಬದವನೊಬ್ಬ ಕೊಲೆಯಂಥ ಘೋರ ಅಪರಾಧ ಮಾಡಿದಾಗ, ಮತಾಯಿ ತನ್ನವರೊಂದಿಗೆ ಬೆಳಗಿನ ಜಾವವೇ ನೊಂದವರ ಮನೆಯ ಮುಂದೆ ಹೋಗಿ ನೆಲದ ಮೇಲೆ ತಲೆಬಾಗಿ ಕೂರುತ್ತಾರೆ. ಅವರ ಮೇಲೆ ಒಂದು ನವಿರಾದ ಚಾಪೆ ಹೊದಿಸಿರುತ್ತದೆ. ಕೇದಗೆ ಜಾತಿಯ ಎಲೆಯ ಸಣ್ಣ ಎಳೆಗಳಿಂದ ಹೆಂಗಸರು ತಿಂಗಳುಗಟ್ಟಲೆ ಹೆಣೆದ ಚಾಪೆ ಅದು. ಮನೆತನದ ದೊಡ್ಡ ಆಸ್ತಿ. ಹಿಂದೆ ಸೌದೆ, ಕಲ್ಲು, ಎಲೆಗಳನ್ನೂ ಹೊತ್ತು ತರುತ್ತಿದ್ದರು. ಅವು ನೆಲದೊಲೆಯ ಸಾಮಾನುಗಳು. 'ಬೇಕಾದರೆ ನಮ್ಮನ್ನೇ ಬೇಯಿಸಿ' ಎಂಬುದು ಅದರ ಅರ್ಥ!

ಹೀಗೆ, ತಪ್ಪು ಮಾಡದ ನಾಯಕ ಬಿಸಿಲೇರಿದರೂ ಕಾಯುತ್ತಾರೆ. ಒಳಗಿರುವವರು ಹೆಣದ ಮುಂದೆ ಅಳುತ್ತಿರಬಹುದು. ಅವರು ಕೋಪದಿಂದ ಕೈಮಾಡಲೂಬಹುದು. ಪವಿತ್ರ ಗುರುವಾರ ಹನ್ನೆರಡು ಜನರ ಪಾದ ತೊಳೆದು, ಹತ್ತೇ ನಿಮಿಷದಲ್ಲಿ ಎದ್ದು ಪೀಠದತ್ತ ನಡೆಯುವ ಗುರುಗಳಾದ ನಮಗೆ ಆ ಕಾಯುವಿಕೆಯನ್ನು ನೆನೆದರೆ ನಾಚಿಕೆಯಾಗುತ್ತದೆ.

ಕ್ಷಮಿಸುವ ಮನಸ್ಸಾದರೆ ನೊಂದವರು ಹೊರಗೆ ಬಂದು ಚಾಪೆಯನ್ನು ಎತ್ತುತ್ತಾರೆ, ಬಂದವರನ್ನು ಒಳಗೆ ಕರೆದು ಕೂರಿಸುತ್ತಾರೆ. ಕ್ಷಮೆ ಸಿಗದೆ ಹಿಂದಿರುಗಿದ್ದೂ ಉಂಟು. ಚಾಪೆ ಎತ್ತಿದ ಮಾತ್ರಕ್ಕೆ ಅಪರಾಧಿಯ ಮೊಕದ್ದಮೆ ನಿಲ್ಲುವುದಿಲ್ಲ. ಆದರೆ ಇಫೋಂಗ ನಡೆಯಿತೇ, ನೊಂದವರು ಒಪ್ಪಿಕೊಂಡರೇ ಎಂಬುದನ್ನು ಸಮೋವಾದ ನ್ಯಾಯಾಧೀಶರು ಶಿಕ್ಷೆ ವಿಧಿಸುವಾಗ ಇಂದಿಗೂ ಗಮನಿಸುತ್ತಾರೆ.