ಬಿಸಿಲಿನ ಜೀವಸತ್ವ ಮತ್ತು ಹೊಗೆಗೆ ಸೋತ ಶ್ವಾಸಕೋಶ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಆಟಿ ತಿಂಗಳು ಬಂತೆಂದರೆ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ಕೆಮ್ಮು ಜೋರಾಗುತ್ತದೆ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಒದ್ದೆ ಸೌದೆಯ ಹೊಗೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. 'ವಯಸ್ಸಾಯಿತಲ್ಲ, ದಮ್ಮು' ಎಂದು ಸುಮ್ಮನಾಗುವವರೇ ಹೆಚ್ಚು. ಇಂಥವರಲ್ಲಿ ಹಲವರಿಗಿರುವುದು ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಕಾಯಿಲೆ. ವೈದ್ಯರ ಭಾಷೆಯಲ್ಲಿ ಸಿಒಪಿಡಿ. ವಿಟಮಿನ್ 'ಡಿ' ಮಾತ್ರೆ ನುಂಗಿದರೆ ಇದು ಹತೋಟಿಗೆ ಬರುತ್ತದೆಂಬ ಮಾತೂ ಕೇಳಿಬರುತ್ತದೆ. ಇದರಲ್ಲಿ ನಿಜವೆಷ್ಟು?

ಒಲೆಯ ಲೆಕ್ಕ

ಶ್ವಾಸನಾಳ ಮರದ ಕೊಂಬೆಯಂತೆ ಕವಲೊಡೆಯುತ್ತ ಹೋಗಿ ಪುಟ್ಟ ಗಾಳಿಗೂಡುಗಳಲ್ಲಿ ಕೊನೆಗೊಳ್ಳುತ್ತದೆ. ವರ್ಷಗಟ್ಟಲೆ ಹೊಗೆ ಸೇರಿದರೆ ಕವಲುಗಳು ಊದಿಕೊಂಡು ಕಿರಿದಾಗುತ್ತವೆ, ಗೂಡುಗಳ ಗೋಡೆ ಹರಿಯುತ್ತದೆ. ಹಾಗೆ ಹರಿದದ್ದು ಮತ್ತೆ ಕೂಡಿಕೊಳ್ಳುವುದಿಲ್ಲ.

ಬೀಡಿ, ಸಿಗರೇಟು ಇದಕ್ಕೆ ದೊಡ್ಡ ಕಾರಣ. ಆದರೆ ಎಂದೂ ಬೀಡಿ ಸೇದದ ಹೆಂಗಸರನ್ನೂ ಈ ಕಾಯಿಲೆ ಬಿಟ್ಟಿಲ್ಲ. ಮೈಸೂರು ಜಿಲ್ಲೆಯ ಹಳ್ಳಿಯ ಮಹಿಳೆಯರ ಬಗ್ಗೆ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸರಳ ಗುಣಾಕಾರವಿದೆ. ದಿನಕ್ಕೆ ಸೌದೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಹಾಗೆ ಕಳೆದ ವರ್ಷಗಳಿಂದ ಗುಣಿಸಬೇಕು. ಉತ್ತರ 60 ಮುಟ್ಟಿದರೆ ದೀರ್ಘಕಾಲದ ಕಫಕೆಮ್ಮಿನ ಅಪಾಯ ಹೆಚ್ಚುತ್ತದೆ. ಅಂದರೆ ದಿನಕ್ಕೆ 4 ಗಂಟೆಯಂತೆ 15 ವರ್ಷ ಸಾಕು! ವಿದ್ಯಾರ್ಥಿಗಳು ತಮ್ಮ ಅಜ್ಜಿಯ ಲೆಕ್ಕವನ್ನು ತಾವೇ ಹಾಕಿ ನೋಡಬಹುದು. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಬಚ್ಚಲ ಹಂಡೆಯ ಕೆಳಗೆ ಮಡಲು, ಸೋಗೆ, ತೆಂಗಿನ ಸಿಪ್ಪೆ ಉರಿಯುವುದುಂಟು. ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಬಿಸಿಲು ಮಾಡುವ ಕೆಲಸ

ಬಿಸಿಲಿನ ಅತಿನೇರಳೆ 'ಬಿ' ಕಿರಣ ಚರ್ಮಕ್ಕೆ ತಾಗಿದಾಗ ಅಲ್ಲಿರುವ ಕೊಲೆಸ್ಟರಾಲ್ ಜಾತಿಯ ಒಂದು ವಸ್ತು ವಿಟಮಿನ್ 'ಡಿ' ಆಗಿ ಮಾರ್ಪಡುತ್ತದೆ. ಯಕೃತ್ತು ಮತ್ತು ಮೂತ್ರಪಿಂಡಗಳು ಅದಕ್ಕೆ ಪೂರ್ಣ ಶಕ್ತಿ ಕೊಡುತ್ತವೆ. ಮೂಳೆಗೆ ಬಲ ನೀಡುವುದಷ್ಟೇ ಅದರ ಕೆಲಸವಲ್ಲ. ಸೋಂಕಿನೊಡನೆ ಹೋರಾಡುವ ಕಣಗಳು ರೋಗಾಣುನಾಶಕ ಪ್ರೋಟೀನು ತಯಾರಿಸಲೂ ಅದು ಬೇಕು. ಸಿಒಪಿಡಿ ರೋಗಿಗಳಿಗೆ ಇದು ಮುಖ್ಯ. ಏಕೆಂದರೆ ನೆಗಡಿ, ಜ್ವರದ ನೆಪದಲ್ಲಿ ಕಾಯಿಲೆ ಉಲ್ಬಣಿಸಿದಾಗಲೆಲ್ಲ ಶ್ವಾಸಕೋಶ ಇನ್ನಷ್ಟು ಬಲಗುಂದುತ್ತದೆ.

ಈ ರೋಗಿಗಳಲ್ಲಿ ವಿಟಮಿನ್ 'ಡಿ' ಕೊರತೆ ಸಾಮಾನ್ಯ. ಆದರೆ ಕೊರತೆಯಿಂದ ಕಾಯಿಲೆ ಹೆಚ್ಚಿತೋ, ಏದುಸಿರಿನಿಂದ ಮನೆಯೊಳಗೇ ಕುಳಿತದ್ದರಿಂದ ಕೊರತೆ ಬಂತೋ? ಇದನ್ನು ಪ್ರಯೋಗದಿಂದಲೇ ತಿಳಿಯಬೇಕು.

ಪ್ರಯೋಗಗಳ ತೀರ್ಪು

ಬೆಲ್ಜಿಯಂನಲ್ಲಿ 182 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ನಾಲ್ಕು ವಾರಕ್ಕೊಮ್ಮೆ 1 ಲಕ್ಷ ಯೂನಿಟ್ ವಿಟಮಿನ್ 'ಡಿ', ಉಳಿದವರಿಗೆ ಹುಸಿ ಔಷಧ ಕೊಡಲಾಯಿತು. 2012ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟಾರೆ ವ್ಯತ್ಯಾಸವಿರಲಿಲ್ಲ. ಉಸಿರು ಊದುವ ಶಕ್ತಿಯೂ ಹೆಚ್ಚಲಿಲ್ಲ. ಲಂಡನ್ನಿನಲ್ಲಿ 240 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಅಲ್ಲಿ ಪ್ರಯೋಜನವಾದದ್ದು ಕೊರತೆ ಇದ್ದವರಿಗೆ ಮಾತ್ರ. ಇಂಥ ಪ್ರಯೋಗಗಳನ್ನು 2019ರಲ್ಲಿ ಕೂಡಿಸಿ ನೋಡಿದಾಗಲೂ ಕಂಡದ್ದು ಅದೇ. ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ 10 ನ್ಯಾನೊಗ್ರಾಂಗಿಂತ ಕಡಿಮೆ ಇದ್ದವರಲ್ಲಿ ಉಲ್ಬಣಗಳು ಸುಮಾರು 45 ಶೇಕಡಾ ಇಳಿದವು, ಮಿಕ್ಕವರಲ್ಲಿ ಇಳಿಯಲಿಲ್ಲ. ಅಷ್ಟು ತೀವ್ರವಲ್ಲದ ಕೊರತೆಯವರೂ ಇದ್ದ ನೆದರ್ಲೆಂಡ್ಸಿನ 2022ರ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ.

ಬತ್ತಿದ ಬಾವಿಗೆ ನೀರು ಬೇಕು. ತುಂಬಿದ ಬಾವಿಗೆ ಸುರಿದರೇನು ಬಂತು? ವಿಟಮಿನ್ 'ಡಿ' ವಿಷಯದಲ್ಲಿ ಹೆಚ್ಚು ಸುರಿದರೆ ಹಾನಿಯೂ ಉಂಟು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆಯಾಗುತ್ತದೆ. 60,000 ಯೂನಿಟ್ಟಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ವಾರವಾರ ನುಂಗುವುದು ಸಲ್ಲದು.

ಮಾಡಬೇಕಾದ್ದೇನು?

ಸೂರ್ಯ ಈ ಊರುಗಳ ನೆತ್ತಿಯ ಮೇಲೆ ಬರುವುದು ವರ್ಷಕ್ಕೆರಡು ಬಾರಿ: ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮೂರನೇ ವಾರದ ಹೊತ್ತಿಗೆ. ಎರಡನೆಯದನ್ನು ಮಳೆಮೋಡ ಮರೆಸಿಬಿಡುತ್ತದೆ. ಮಳೆ ಬಿಟ್ಟ ತಿಂಗಳುಗಳಲ್ಲಿ ಬಿಸಿಲಿಗೆ ಬರವಿಲ್ಲ; ಆದರೆ ಮನೆಯೊಳಗೆ ಕುಳಿತು ಬೀಡಿ ಕಟ್ಟುವ ತಾಯಂದಿರಿಗೂ ತರಗತಿ, ಟ್ಯೂಷನ್, ಹಾಸ್ಟೆಲ್ ಎಂದು ದಿನ ಕಳೆಯುವ ಮಕ್ಕಳಿಗೂ ಅದು ತಾಗುವುದು ಕಡಿಮೆ. ಕಿಟಕಿಯ ಗಾಜಿನ ಹಿಂದೆ ಕುಳಿತರೆ ಫಲವಿಲ್ಲ. ಗಾಜು ಆ ಕಿರಣವನ್ನು ತಡೆಯುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತೇ ಸರಿಯಾದ ಹೊತ್ತು. ಆಗ ಮುಖ, ಕೈಗಳಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಲಿ, ಚರ್ಮ ಸುಡುವಷ್ಟು ಬೇಡ. ಊಟದಲ್ಲಿ ಬೂತಾಯಿ, ಬಂಗುಡೆ, ಮೊಟ್ಟೆಯ ಹಳದಿ ಇದ್ದರೆ ಒಳ್ಳೆಯದು.

ಹಿರಿಯರ ಕೆಮ್ಮು, ಏದುಸಿರು ತಿಂಗಳುಗಟ್ಟಲೆ ಇದ್ದರೆ ಸ್ಪೈರೋಮೀಟರ್ ಎಂಬ ಊದುವ ಯಂತ್ರದಲ್ಲಿ ಪರೀಕ್ಷೆ ಮಾಡಿಸಬೇಕು. ವೈದ್ಯರು ಬರೆದುಕೊಟ್ಟ ಇನ್ಹೇಲರ್ ಬಿಡಬಾರದು. ಕೊರತೆಯ ಸಂಶಯವಿದ್ದರೆ ರಕ್ತಪರೀಕ್ಷೆ ಆಗಲಿ, ಇದ್ದರೆ ತುಂಬಿಕೊಳ್ಳಬೇಕು. ಆದರೆ ಬೀಡಿ ಆರದೆ, ಬಚ್ಚಲ ಹೊಗೆಗೆ ದಾರಿ ಮಾಡದೆ ನುಂಗಿದ ಮಾತ್ರೆ ಶ್ವಾಸಕೋಶವನ್ನು ಕಾಪಾಡಲಾರದು. ಒಲೆಯ ಮೇಲೊಂದು ಹೊಗೆಕೊಳವೆ, ಮಳೆಗಾಲಕ್ಕೆ ಮುಂಚೆ ಒಣಗಿಸಿಟ್ಟ ಸೌದೆ: ಇಷ್ಟನ್ನು ಮನೆಯ ಮಕ್ಕಳೇ ಮುಂದೆ ನಿಂತು ಮಾಡಿಸಬಹುದು.