ಬೆಳಕಿನ ಗೋಪುರಗಳು, ಇಪ್ಪತ್ತು ನಿಮಿಷದ ಕತ್ತಲೆ

ಪ್ರತಿ ವರ್ಷ ಸೆಪ್ಟೆಂಬರ್ 11ರಂದು ಇರುಳು ಕವಿಯುತ್ತಲೇ, ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ದಕ್ಷಿಣದ ಅಂಚಿನಿಂದ ಎರಡು ನೀಲಿ ಬೆಳಕಿನ ಕಂಬಗಳು ಆಗಸಕ್ಕೇರುತ್ತವೆ. ಮುಗಿಲು ಮುಸುಕದ ರಾತ್ರಿಯಲ್ಲಿ ಅರವತ್ತು ಮೈಲಿ ದೂರದವರಿಗೂ ಅವು ಗೋಚರಿಸುವುದುಂಟು. ಬೆಳಗಿನವರೆಗೆ ನಿಶ್ಚಲವಾಗಿ ನಿಂತಿದ್ದು, ಅರುಣೋದಯದೊಡನೆ ಅವು ಕರಗಿಹೋಗುತ್ತವೆ. ‘ಟ್ರಿಬ್ಯೂಟ್ ಇನ್ ಲೈಟ್’, ಅಂದರೆ ‘ಬೆಳಕಿನ ನಮನ’, ಎಂಬುದು ಈ ಕಲಾಕೃತಿಯ ಹೆಸರು.

2001ರಲ್ಲಿ ಅದೇ ದಿನ, ತಲಾ 110 ಅಂತಸ್ತುಗಳಿದ್ದ ವರ್ಲ್ಡ್ ಟ್ರೇಡ್ ಸೆಂಟರಿನ ಅವಳಿ ಗೋಪುರಗಳು ಭಯೋತ್ಪಾದಕರ ದಾಳಿಗೆ ಸಿಕ್ಕಿ ನೆಲಕ್ಕುರುಳಿದವು. ನ್ಯೂಯಾರ್ಕಿನಲ್ಲಿ 2,753 ಮಂದಿ ಅಸುನೀಗಿದರು. ಆ ಶೂನ್ಯವನ್ನು ಕಂಡ ಕೆಲವು ವಾಸ್ತುಶಿಲ್ಪಿಗಳಿಗೂ ಕಲಾವಿದರಿಗೂ, ಒಬ್ಬರನ್ನೊಬ್ಬರು ಅರಿಯದೆಯೇ, ಒಂದೇ ಬಗೆಯ ಕಲ್ಪನೆ ಹೊಳೆಯಿತು: ಕಲ್ಲು ಕಬ್ಬಿಣಗಳು ಬಿದ್ದೆಡೆ ಬೆಳಕನ್ನು ನಿಲ್ಲಿಸಬೇಕು. ಅವರೆಲ್ಲ ಒಂದುಗೂಡಿದರು. ದುರಂತಕ್ಕೆ ಆರು ತಿಂಗಳು ತುಂಬಿದ 2002ರ ಮಾರ್ಚ್ 11ರಂದು ಬೆಳಕಿನ ಗೋಪುರಗಳು ಮೊದಲ ಬಾರಿಗೆ ತಲೆಯೆತ್ತಿದವು.

ಇದರ ರಚನೆ ಸರಳವಾದುದು. ತಲಾ 7,000 ವ್ಯಾಟಿನ 88 ಕ್ಸೆನಾನ್ ದೀಪಗಳನ್ನು, 48 ಅಡಿ ಅಗಲದ ಎರಡು ಚೌಕಗಳಲ್ಲಿ, ನೇರವಾಗಿ ಆಕಾಶದತ್ತ ಮುಖಮಾಡಿ ಇರಿಸಲಾಗುತ್ತದೆ. ಅವುಗಳ ಕಿರಣಗಳು ಒಟ್ಟುಗೂಡಿ ಒಂದೊಂದು ಚೌಕವೂ ಒಂದೊಂದು ಸ್ತಂಭವಾಗುತ್ತದೆ.

ಆದರೆ ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತಿದೆಯಲ್ಲವೆ? ಇಲ್ಲಿ ಸಂಕಟವಿದ್ದುದು ದೀಪದ ಬುಡದಲ್ಲಲ್ಲ, ಅದರ ನೆತ್ತಿಯಲ್ಲಿ. ಸೆಪ್ಟೆಂಬರ್ ಎಂದರೆ ಉತ್ತರದ ಹಕ್ಕಿಗಳು ಚಳಿಗೆ ಅಂಜಿ ದಕ್ಷಿಣಕ್ಕೆ ವಲಸೆ ಹೊರಡುವ ಕಾಲ. ಅಂಗೈಯಲ್ಲಿ ಅಡಗಬಲ್ಲ ಪುಟ್ಟ ಹಾಡುಹಕ್ಕಿಗಳು ನಕ್ಷತ್ರಗಳನ್ನೂ ಭೂಮಿಯ ಕಾಂತಶಕ್ತಿಯನ್ನೂ ನಂಬಿ ಇರುಳಿನಲ್ಲಿ ಪಯಣಿಸುತ್ತವೆ. ಈ ಪ್ರಖರ ಬೆಳಕಿನೊಳಗೆ ಹೊಕ್ಕೊಡನೆ ಅವುಗಳಿಗೆ ದಿಕ್ಕು ತಪ್ಪುತ್ತದೆ. ಆರ್ತಸ್ವರದಲ್ಲಿ ಕೂಗುತ್ತ ಕಂಬದೊಳಗೇ ಸುತ್ತಿ ಸುತ್ತಿ ಬಳಲುತ್ತವೆ. ಕೆಲವು ಸಮೀಪದ ಕಟ್ಟಡಗಳ ಗಾಜಿಗೆ ಬಡಿದು ಸಾಯುವ ಅಪಾಯವೂ ಉಂಟು. ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ಹಕ್ಕಿಗಳು ಈ ಬೆಳಕಿನ ಪ್ರಭಾವಕ್ಕೆ ಒಳಗಾದುವೆಂದು 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಅಂದಾಜು ಮಾಡಿತು.

ಹಾಗೆಂದು ಮಡಿದವರ ಸ್ಮಾರಕವನ್ನು ಆರಿಸಿಬಿಡಲಾದೀತೆ? ಹಕ್ಕಿಗಳ ಪಾಡನ್ನು ಕಾಣದಂತೆ ಇರಲಾದೀತೆ? ನಗರವು ನಡುದಾರಿಯೊಂದನ್ನು ಕಂಡುಕೊಂಡಿತು. ರಾತ್ರಿಯಿಡೀ ಪಕ್ಷಿಪ್ರೇಮಿಗಳು ದೀಪಗಳ ಪಕ್ಕದಲ್ಲಿ ನಿಂತು, ಕತ್ತೆತ್ತಿ, ಕಿರಣಗಳಲ್ಲಿ ಮಿನುಗುವ ರೆಕ್ಕೆಗಳನ್ನು ಎಣಿಸುತ್ತಾರೆ. ಸಾವಿರ ಹಕ್ಕಿಗಳು ಸಿಕ್ಕಿಕೊಂಡುವೆಂದು ಕಂಡರೆ ಸೂಚನೆ ಹೋಗುತ್ತದೆ. 88 ದೀಪಗಳೂ ಇಪ್ಪತ್ತು ನಿಮಿಷ ಆರುತ್ತವೆ. ಕೆಲವೇ ನಿಮಿಷಗಳಲ್ಲಿ ಹಕ್ಕಿಗಳು ಚದುರಿ ತಮ್ಮ ದಾರಿ ಹಿಡಿಯುತ್ತವೆಂದು ಅದೇ ಸಂಶೋಧನೆ ತೋರಿಸಿಕೊಟ್ಟಿದೆ.

ದೂರದಿಂದ ನೋಡುವವರಿಗೆ ಗೋಪುರಗಳು ಮತ್ತೊಮ್ಮೆ ಕಾಣೆಯಾದವೆಂದು ಎದೆ ಝಲ್ಲೆನ್ನಬಹುದು. ಆದರೆ ಆ ಕತ್ತಲೆಯಲ್ಲಿ ಯಾವ ಅನಾಹುತವೂ ಇಲ್ಲ. ಸಾವಿರಾರು ಪುಟ್ಟ ಜೀವಗಳು ದಕ್ಷಿಣದತ್ತ ಹಾರುತ್ತಿರುತ್ತವೆ. ಅಗಲಿದವರಿಗಾಗಿ ಹಚ್ಚಿದ ದೀಪವನ್ನು ಬದುಕಿರುವವರಿಗಾಗಿ ಅರೆಗಳಿಗೆ ಆರಿಸಿದರೆ, ಅಗಲಿದವರಿಗೆ ಸಲ್ಲುವ ಗೌರವ ಕಿಂಚಿತ್ತೂ ಕಡಿಮೆಯಾಗಲಾರದು.